ಸೈಕಲ್‌ಗೆ ಜಾಗ ಕೊಟ್ಟರೆ ಮಿಕ್ಕವರ ಗತಿ ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ಊರಿನಲ್ಲೇ ಆಗಲಿ, ಸ್ಥಳೀಯ ಆಡಳಿತದವರು ಸೈಕಲ್ ಪಥದ ನಕ್ಷೆ ಹಿಡಿದು ಬಂದ ಕೂಡಲೇ ಸಭೆ ಬಿಸಿಯಾಗುತ್ತದೆ. ಕಾರಿನವರು ಒಂದು ಕಡೆ, ಅಂಗಡಿಯವರು ಇನ್ನೊಂದು ಕಡೆ, ನಡೆಯುವವರು ಹಿಂದಿನ ಸಾಲಿನಲ್ಲಿ. ಸೈಕಲ್‌ನವರು ಬಂದಿರುವುದೇ ಅಪರೂಪ. ಬಂದರೆ ಮಾತ್ರ ಮೈಕು ಬಿಡುವುದಿಲ್ಲ. ಅಂಥ ಸಭೆಗಳಲ್ಲಿ ತಿರುತಿರುಗಿ ಬರುವ ಪ್ರಶ್ನೆಗಳು ಇಲ್ಲಿವೆ. ಉತ್ತರ ಬರೆದಿರುವ ನಾನು ಸೈಕಲ್ಲೂ ತುಳಿಯುತ್ತೇನೆ, ಕಾರೂ ಓಡಿಸುತ್ತೇನೆ. ಎಲ್ಲಕ್ಕಿಂತ ಜಾಸ್ತಿ ನಡೆಯುತ್ತೇನೆ. ಹಾಗಾಗಿ ನನ್ನ ನಿಲುವು ಒಂದೇ, ಇವರೆಲ್ಲರ ಹಿತಾಸಕ್ತಿಗಳ ಸಮತೋಲನ ಆಗಬೇಕು.

ಸೈಕಲ್ ಓಡಿಸುವವರು ಬೆರಳೆಣಿಕೆಯಷ್ಟು. ಅವರಿಗಾಗಿ ಇಷ್ಟೆಲ್ಲ ಯಾಕೆ?

ಅವರಿಗಾಗಿ ಅಲ್ಲವೇ ಅಲ್ಲ. ಇವತ್ತು ಲಾರಿ, ಬಸ್ಸುಗಳ ನಡುವೆ ನುಗ್ಗಿಕೊಂಡು ಸೈಕಲ್ ಓಡಿಸುವವರು ಗಟ್ಟಿ ಜೀವಗಳು. ಕೆಲವರು ಇಷ್ಟಪಟ್ಟು ಓಡಿಸುತ್ತಾರೆ, ಉಳಿದವರು ಬೇರೆ ದಾರಿ ಇಲ್ಲದೆ. ಪಥ ಇದ್ದರೂ ಇಲ್ಲದಿದ್ದರೂ ಅವರು ರಸ್ತೆಯಲ್ಲಿ ಇರುತ್ತಾರೆ. ನೀತಿ ಬೇಕಿರುವುದು ಮನೆಯಲ್ಲಿ ಸೈಕಲ್ ಇಟ್ಟುಕೊಂಡೂ ಹೊರಗೆ ತೆಗೆಯಲು ಹೆದರುವವರಿಗೆ. ಶಾಲೆಗೆ ಹೋಗುವ ಮಗು, ಎರಡು ಕಿಲೋಮೀಟರ್ ದೂರ ಕೆಲಸಕ್ಕೆ ಹೋಗುವವರು, ಜಾಸ್ತಿ ನಡೆಯಲಾರದ ಹಿರಿಯರು. ಇವರು ಯಾವ ಎಣಿಕೆಯಲ್ಲೂ ಸಿಗುವುದಿಲ್ಲ. ಇನ್ನೂ ರಸ್ತೆಗೇ ಇಳಿದಿಲ್ಲವಲ್ಲ, ಎಣಿಸುವುದು ಹೇಗೆ?

ಸ್ಪೇನಿನ ಸೆವಿಲ್ ನಗರವನ್ನೇ ನೋಡಿ. 2006ಕ್ಕೂ ಮುಂಚೆ ಅಲ್ಲಿ ಸೈಕಲ್ ಓಡಾಟ ಲೆಕ್ಕಕ್ಕೇ ಇರಲಿಲ್ಲ. ಬಿಸಿಲು ಜಾಸ್ತಿ, ನಮ್ಮ ಜನಕ್ಕೆ ಅಭ್ಯಾಸವಿಲ್ಲ ಅಂತ ಅಲ್ಲೂ ಹೇಳುತ್ತಿದ್ದರು. ಆಮೇಲಿನ ಕೆಲವೇ ವರ್ಷಗಳಲ್ಲಿ ಸುಮಾರು 80 ಕಿ.ಮೀ. ಪಥ ಕಟ್ಟಿದರು. ಇಲ್ಲೊಂದು ತುಂಡು, ಅಲ್ಲೊಂದು ತುಂಡು ಅಲ್ಲ. ಒಂದಕ್ಕೊಂದು ಕೂಡುವ ಜಾಲ, ಅದೂ ಬೇಗ ಬೇಗ. ಸೈಕಲ್ ಓಡಾಟ ಹಲವು ಪಟ್ಟು ಏರಿತು. ಅದೇ 80 ಕಿ.ಮೀ.ಯನ್ನು ವರ್ಷಕ್ಕೆ ಎರಡೆರಡು ಕಿಲೋಮೀಟರ್ ಅಂತ ಕಟ್ಟಿದ್ದರೆ, ಖಾಲಿ ಬಿದ್ದ ಪಥದ ಫೋಟೋ ಹಿಡಿದು ಮೂರನೇ ವರ್ಷವೇ ಯೋಜನೆ ನಿಲ್ಲಿಸುತ್ತಿದ್ದರು ಅನ್ನುವುದು ನನ್ನ ಅಂದಾಜು.

ನೆದರ್‌ಲ್ಯಾಂಡ್ಸ್‌ನವರಿಗೆ ಸೈಕಲ್ ರಕ್ತದಲ್ಲೇ ಇದೆ. ಆ ಹೋಲಿಕೆ ಉಳಿದವರಿಗೆ ಯಾಕೆ?

ರಕ್ತದಲ್ಲಿ ಏನೂ ಇಲ್ಲ. 1950 ಮತ್ತು 60ರ ದಶಕಗಳಲ್ಲಿ ಅಲ್ಲೂ ಕಾರುಗಳು ಹೆಚ್ಚಿ ಸೈಕಲ್‌ಗಳು ಮೂಲೆ ಸೇರುತ್ತಿದ್ದವು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಂದೆ ತಾಯಂದಿರು ಬೀದಿಗೆ ಇಳಿದರು. ಅದೇ ಹೊತ್ತಿಗೆ, 1973ರಲ್ಲಿ, ತೈಲದ ಬಿಕ್ಕಟ್ಟು ಬಂತು. ಭಾನುವಾರ ಕಾರು ಓಡಿಸಬಾರದು ಎಂದು ಸರ್ಕಾರವೇ ಹೇಳಬೇಕಾಯಿತು. ಖಾಲಿ ಹೆದ್ದಾರಿಯಲ್ಲಿ ಜನ ಸ್ಕೇಟಿಂಗ್ ಮಾಡಿದರು.

ಅಲ್ಲಿಂದ ಆಚೆಗೆ ನಡೆದದ್ದು ಪಾಲಿಕೆಗಳ ಮಟ್ಟದ ಕೆಲಸ. ಒಂದೊಂದೇ ಬೀದಿ, ಒಂದೊಂದೇ ಜಂಕ್ಷನ್, ಸುಮಾರು 50 ವರ್ಷ. ಅವರ ಈಗಿನ ಫೋಟೋ ನೋಡಿ ಕೈಚೆಲ್ಲುವುದಕ್ಕಿಂತ 1975ರ ಫೋಟೋ ನೋಡುವುದು ವಾಸಿ. ಚೌಕಗಳ ತುಂಬ ಕಾರು ನಿಂತಿರುವ ಮಾಮೂಲಿ ಊರುಗಳೇ ಅವು.

ಹಿತಾಸಕ್ತಿಗಳ ಸಮತೋಲನ ಅಂತೀರಿ. ಅಂದರೆ ಎಲ್ಲರಿಗೂ ಸಮಪಾಲು ತಾನೇ?

ಅಲ್ಲ. ಗೊಂದಲ ಶುರುವಾಗುವುದೇ ಇಲ್ಲಿ. ರಸ್ತೆಯನ್ನು ನಾಲ್ಕು ಪಾಲು ಮಾಡಿ ನಾಲ್ಕು ಗುಂಪಿಗೆ ಹಂಚುವುದು ಆಸ್ತಿ ಭಾಗ ಮಾಡಿದಂತೆ. ರಸ್ತೆಯಲ್ಲಿ ತೂಗಬೇಕಾದ ವಿಷಯ ಬೇರೆ. ತಪ್ಪು ಯಾರದೇ ಇರಲಿ, ಪೆಟ್ಟು ಬೀಳುವುದು ಯಾರಿಗೆ? ಈ ರಸ್ತೆ ತಪ್ಪಿದರೆ ಬೇರೆ ದಾರಿ ಯಾರಿಗೆ ಇದೆ? ಒಬ್ಬರಿಗೆ ಎರಡು ನಿಮಿಷ ತಡವಾಗುವುದೂ ಇನ್ನೊಬ್ಬರ ಕಾಲು ಮುರಿಯುವುದೂ ಒಂದೇ ತಕ್ಕಡಿಗೆ ಬರುವುದಿಲ್ಲ.

ಬ್ರಿಟನ್ 2022ರ ಜನವರಿಯಲ್ಲಿ ತನ್ನ ರಸ್ತೆ ನಿಯಮಗಳ ಪುಸ್ತಕಕ್ಕೆ ಇದೇ ಮಾತನ್ನು ಸೇರಿಸಿತು. ಯಾರಿಂದ ಹೆಚ್ಚು ಹಾನಿ ಆಗಬಹುದೋ ಅವರ ಹೊಣೆ ಹೆಚ್ಚು. ಲಾರಿಯವರು ಕಾರಿನವರನ್ನು, ಕಾರಿನವರು ಸೈಕಲ್‌ನವರನ್ನು, ಸೈಕಲ್‌ನವರು ನಡೆಯುವವರನ್ನು ನೋಡಿಕೊಳ್ಳಬೇಕು. ಕೊನೆಯ ಮೆಟ್ಟಿಲನ್ನು ಸೈಕಲ್ ಗೆಳೆಯರು ಓದುವಾಗ ಸ್ವಲ್ಪ ಬೇಗ ಮುಂದೆ ಹೋಗುತ್ತಾರೆ ಎಂಬುದು ನನ್ನ ಅನುಭವ.

ರಸ್ತೆ ಇರುವುದೇ ಇಷ್ಟು ಅಗಲ. ಜಾಗ ಎಲ್ಲಿಂದ ತರುತ್ತೀರಿ?

ನೇರವಾಗಿ ಹೇಳುವುದಾದರೆ, ಬಹಳ ಕಡೆ ಪಾರ್ಕಿಂಗ್‌ನಿಂದ. ಸಭೆಯಲ್ಲಿ ಯಾರೂ ಮೊದಲು ಹೇಳಲು ಬಯಸದ ಮಾತಿದು. ಒಂದು ದಿಕ್ಕಿನ ಸೈಕಲ್ ಪಥಕ್ಕೆ ಸುಮಾರು 2 ಮೀಟರ್ ಬೇಕು, ಎರಡೂ ದಿಕ್ಕಿನದಕ್ಕೆ 3 ಮೀಟರ್ ಅಥವಾ ಸ್ವಲ್ಪ ಹೆಚ್ಚು. ರಸ್ತೆ ಬದಿ ನಿಂತ ಒಂದು ಸಾಲು ಕಾರು ಹೆಚ್ಚುಕಡಿಮೆ 2 ಮೀಟರ್ ಹಿಡಿದಿರುತ್ತದೆ. ಸೆವಿಲ್‌ನವರು ಪಥಕ್ಕಾಗಿ ಸಾವಿರಾರು ಪಾರ್ಕಿಂಗ್ ಜಾಗ ತೆಗೆದರು.

ನಿಂತ ಕಾರು ರಸ್ತೆ ಬಳಸುತ್ತಿಲ್ಲ, ರಸ್ತೆಯನ್ನು ಗೋದಾಮು ಮಾಡಿಕೊಂಡಿದೆ. ಹಾಗಂತ ರಾತ್ರೋರಾತ್ರಿ ತೆಗೆದುಹಾಕಿದರೆ ಜಗಳ ಖಂಡಿತ. ಮನೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದವರು, ಅಂಗವಿಕಲರು, ಹೊತ್ತು ಗೊತ್ತಿಲ್ಲದೆ ಕೆಲಸಕ್ಕೆ ಹೋಗುವವರು ಇರುತ್ತಾರೆ. ಅಂಗವಿಕಲರ ಪಾರ್ಕಿಂಗ್ ಮುಟ್ಟಬಾರದು. ಉಳಿದದ್ದರಲ್ಲಿ ಯಾವುದು ಅಲ್ಲಿನ ನಿವಾಸಿಗಳದ್ದು, ಯಾವುದು ದಿನವಿಡೀ ಸುಮ್ನೆ ನಿಂತದ್ದು ಅಂತ ಗಂಟೆಗೊಮ್ಮೆ ಎಣಿಸಿ ನೋಡಬೇಕು. ಈ ಎಣಿಕೆ ಮಾಡದೆ ನಕ್ಷೆ ತರುವ ಇಂಜಿನಿಯರ್‌ರನ್ನು ಸಭೆಯಿಂದ ವಾಪಸ್ ಕಳಿಸಿದರೆ ತಪ್ಪೇನೂ ಇಲ್ಲ.

ಇನ್ನೊಂದು ದಾರಿ, ವಾಹನ ಓಡುವ ಸಾಲನ್ನೇ (ಲೇನ್) ಕಿರಿದು ಮಾಡುವುದು. ಊರೊಳಗಿನ ರಸ್ತೆಗೆ ಹೆದ್ದಾರಿಯಷ್ಟು ಅಗಲದ ಸಾಲು ಬೇಡ. ಅಗಲ ಇದ್ದಷ್ಟೂ ಕಾಲು ಆಕ್ಸಿಲರೇಟರ್ ಮೇಲೆ ಭಾರವಾಗುತ್ತದೆ.

ಫುಟ್‌ಪಾತ್‌ನಿಂದ ಮಾತ್ರ ಜಾಗ ಕೀಳಬಾರದು.

ಬಿಳಿ ಗೆರೆ ಎಳೆದು ಸೈಕಲ್ ಚಿತ್ರ ಬರೆದರೆ ಸಾಲದಾ? ಖರ್ಚೂ ಕಡಿಮೆ.

ಬಣ್ಣ ಯಾರನ್ನೂ ತಡೆಯುವುದಿಲ್ಲ. ಆ ಗೆರೆಯ ಒಳಗೆ ಮೊದಲು ನಿಲ್ಲುವುದು ‘ಒಂದೇ ನಿಮಿಷ, ಬಂದೆ’ ಅನ್ನುವವರ ಕಾರು. ಅದನ್ನು ಸುತ್ತಿಕೊಂಡು ಹೋಗಲು ಸೈಕಲ್‌ನವರು ಓಡುವ ವಾಹನಗಳ ನಡುವೆ ಬರಬೇಕು. ನಿಂತ ಕಾರುಗಳ ಪಕ್ಕಕ್ಕೇ ಅಂಟಿಸಿ ಗೆರೆ ಎಳೆದಿದ್ದರೆ ಇನ್ನೂ ಕೆಟ್ಟದ್ದು. ಯಾರೋ ಹಿಂದೆ ನೋಡದೆ ಬಾಗಿಲು ತೆಗೆದರೆ ಮುಗಿಯಿತು. ಬಾಗಿಲಿಗೆ ದೂರದ ಕೈಯಿಂದ ಅದನ್ನು ತೆರೆಯಿರಿ, ಆಗ ಮೈ ತಿರುಗಿ ಕಣ್ಣು ತಾನಾಗಿಯೇ ಹಿಂದೆ ಹೋಗುತ್ತದೆ ಎಂದು ಡ್ರೈವರ್‌ಗಳಿಗೆ ಕಲಿಸುವ ಪದ್ಧತಿ ಇದೆ. ಒಳ್ಳೆಯ ಅಭ್ಯಾಸ. ಆದರೆ ಬಾಗಿಲು ತೆರೆಯುವಷ್ಟು ಜಾಗ ಬಿಟ್ಟು ಪಥ ಮಾಡುವುದು ಅದಕ್ಕಿಂತ ಒಳ್ಳೆಯದು.

ವೇಗದ, ದಟ್ಟ ಓಡಾಟದ ರಸ್ತೆಗೆ ಕಲ್ಲಿನ ಅಂಚೋ ಕಂಬವೋ ಗಿಡದ ತೊಟ್ಟಿಯೋ, ಏನಾದರೂ ಗಟ್ಟಿಯಾದ ತಡೆ ಬೇಕು.

ಹಾಗಾದರೆ ಪ್ರತಿ ರಸ್ತೆಯಲ್ಲೂ ಪಥ ಮಾಡಬೇಕಾ?

ಬೇಡ. ಬೀದಿಯ ಓಟ ನಿಧಾನವಾದರೆ, ಹಾದುಹೋಗುವ ವಾಹನ ಕಡಿಮೆಯಾದರೆ ಎಲ್ಲರೂ ಒಂದೇ ಜಾಗ ಹಂಚಿಕೊಳ್ಳಬಹುದು. ಅದಕ್ಕೇ ಬಹಳ ನಗರಗಳು ಗಂಟೆಗೆ 30 ಕಿ.ಮೀ. ಮಿತಿ ತಂದಿವೆ. ಆಸ್ಟ್ರಿಯಾದ ಗ್ರಾಟ್ಸ್ 1992ರಲ್ಲೇ ಮುಖ್ಯ ರಸ್ತೆಗಳನ್ನು ಬಿಟ್ಟು ಊರಿಡೀ ಇದನ್ನು ಮಾಡಿತು. ಪ್ಯಾರಿಸ್ 2021ರಲ್ಲಿ ಮಾಡಿತು.

30 ಯಾಕೆ? ಮುಂದೆ ಏನೋ ಅಡ್ಡ ಬಂತು ಅಂತ ಮೆದುಳಿಗೆ ಗೊತ್ತಾಗಿ ಕಾಲು ಬ್ರೇಕಿಗೆ ಹೋಗಲು ಸುಮಾರು ಒಂದು ಸೆಕೆಂಡ್ ಬೇಕು. 50ರಲ್ಲಿ ಹೋಗುವ ಕಾರು ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಮುಂದೆ ಹೋಗಿರುತ್ತದೆ. 30ರಲ್ಲಿ ಹೋಗುವ ಕಾರು ಒಣ ರಸ್ತೆಯಲ್ಲಿ ಬ್ರೇಕ್ ಹಾಕಿ ಆ 14 ಮೀಟರ್ ಒಳಗೇ ಪೂರ್ತಿ ನಿಂತಿರುತ್ತದೆ. ಒಂದು ಕಾರು ಇನ್ನೂ ಬ್ರೇಕನ್ನೇ ಒತ್ತಿಲ್ಲ, ಇನ್ನೊಂದು ನಿಂತಾಯಿತು. ಕಳೆದುಕೊಳ್ಳುವುದೆಷ್ಟು? ಒಂದು ಕಿಲೋಮೀಟರ್‌ಗೆ 48 ಸೆಕೆಂಡ್, ಅದೂ ದಾರಿಯುದ್ದಕ್ಕೂ ಸಿಗ್ನಲ್, ಹಂಪ್ ಯಾವುದೂ ಇಲ್ಲದೆ 50ರಲ್ಲೇ ಹೋಗಲು ಸಾಧ್ಯವಿದ್ದರೆ.

ಬರೀ ಬೋರ್ಡು ನೆಟ್ಟರೆ ಯಾರೂ ನಿಧಾನ ಮಾಡುವುದಿಲ್ಲ ಎಂಬುದೂ ನಿಜ. ರಸ್ತೆಯೇ ನಿಧಾನ ಮಾಡಿಸಬೇಕು. ತಿರುವು ಬಿಗಿಯಾಗಬೇಕು, ಬೀದಿಯ ಬಾಯಿ ಕಿರಿದಾಗಬೇಕು, ದಾಟುವ ಜಾಗ ಎತ್ತರವಾಗಬೇಕು.

ಕಾರಿನವರ ಕಥೆ ಏನು? ಜಾಮ್ ಜಾಸ್ತಿ ಆಗಲ್ವಾ?

ಕೆಲವು ಕಡೆ, ಕೆಲವು ಹೊತ್ತು, ಆಗುತ್ತದೆ. ಆಗುವುದೇ ಇಲ್ಲ ಅಂತ ಹೇಳಿದರೆ ಮೊದಲ ವಾರವೇ ಜನ ಸುಳ್ಳುಗಾರ ಅಂತಾರೆ. ಆಮೇಲೆ ಕೆಲವರು ಹೊತ್ತು ಬದಲಿಸುತ್ತಾರೆ, ಕೆಲವರು ದಾರಿ ಬದಲಿಸುತ್ತಾರೆ, ಕೆಲವರು ಸಣ್ಣ ಓಡಾಟಕ್ಕೆ ಕಾರು ತೆಗೆಯುವುದನ್ನು ಬಿಡುತ್ತಾರೆ.

ಕಾರನ್ನು ಪೂರ್ತಿ ಹೊರಗಿಡದೆ ದಾರಿಯನ್ನು ಮಾತ್ರ ಬದಲಿಸುವ ಜಾಣ ಉಪಾಯ ಒಂದಿದೆ. ನೆದರ್‌ಲ್ಯಾಂಡ್ಸ್‌ನ ಖ್ರೋನಿಂಗನ್ ನಗರ 1977ರಲ್ಲಿ ಊರಿನ ನಡುಭಾಗವನ್ನು ನಾಲ್ಕು ಹೋಳು ಮಾಡಿತು. ಯಾವ ಹೋಳಿಗೆ ಬೇಕಾದರೂ ಕಾರಿನಲ್ಲಿ ಹೋಗಬಹುದು. ಆದರೆ ಒಂದರಿಂದ ಇನ್ನೊಂದಕ್ಕೆ ನೇರವಾಗಿ ನುಗ್ಗುವಂತಿಲ್ಲ, ವರ್ತುಲ ರಸ್ತೆಗೆ ಬಂದು ಸುತ್ತಿ ಹೋಗಬೇಕು. ಸೈಕಲ್ ಮತ್ತು ಕಾಲ್ನಡಿಗೆಗೆ ನೇರ ದಾರಿ. ವ್ಯಾಪಾರಿಗಳು ಆಗ ಕೆಂಡಕಾರಿದರು. ಬೆಲ್ಜಿಯಂನ ಗೆಂಟ್ 2017ರಲ್ಲಿ ಅದೇ ಮಾದರಿ ಹಿಡಿಯಿತು. ಪ್ರತಿ ಮನೆಗೂ ಕಾರು ತಲುಪುತ್ತದೆ, ಆದರೆ ಊರನ್ನು ಸೀಳಿಕೊಂಡು ಹೋಗುವ ಅಡ್ಡದಾರಿ ಇಲ್ಲ. ಸಮತೋಲನ ಎಂಬ ಪದಕ್ಕೆ ನಾನು ಉದಾಹರಣೆ ಕೊಡಬೇಕಾದರೆ ಇದನ್ನೇ ಕೊಡುತ್ತೇನೆ.

ಕಾರು ಬಿಡಲಾಗದವರು ಸದಾ ಇರುತ್ತಾರೆ. ಡ್ರೈವರ್ ಸೀಟು ಬಿಟ್ಟು ಉಳಿದದ್ದೆಲ್ಲ ಖಾಲಿ ಹೋಗುವ ಹತ್ತು ಕಾರುಗಳಲ್ಲಿ ಎರಡು ಕಡಿಮೆಯಾದರೂ ಮೊದಲ ಲಾಭ ಇವರಿಗೇ.

ಸದ್ಯಕ್ಕೆ ಫುಟ್‌ಪಾತ್ ಮೇಲೆ ಸೈಕಲ್ ಬಿಡಬಹುದಲ್ವಾ?

ಇದು ಎರಡೂ ಕಡೆಯವರನ್ನು ಕೆಡಿಸುವ ಉಪಾಯ. ನಡೆಯುವವರ ವೇಗ ಗಂಟೆಗೆ 5 ಕಿ.ಮೀ., ಸೈಕಲ್ಲಿನದು 15ರಿಂದ 20. ಕಿವಿ ಕೇಳದ ಹಿರಿಯರು, ಕಣ್ಣು ಕಾಣದವರು, ಅಮ್ಮನ ಕೈ ಬಿಡಿಸಿಕೊಂಡು ಓಡುವ ಮಗು, ಎಲ್ಲರೂ ನಡೆಯುವುದು ಅಲ್ಲೇ. ಪುಟ್ಟ ಮಕ್ಕಳು ಸೈಕಲ್ ಕಲಿಯುವಾಗ ಫುಟ್‌ಪಾತ್ ಬಳಸಿದರೆ ಯಾರೂ ಬೇಡ ಅನ್ನುವುದಿಲ್ಲ. ದೊಡ್ಡವರನ್ನು ಅಲ್ಲಿಗೆ ಹತ್ತಿಸುವುದೆಂದರೆ ಕಾರಿನವರ ಮೇಲಿನ ಭಯವನ್ನು ನಡೆಯುವವರ ತಲೆಗೆ ಕಟ್ಟಿದಂತೆ.

ಬಸ್ ಸ್ಟಾಪ್ ಬಳಿ ಪಥ ಏನಾಗುತ್ತದೆ?

ನಿಜಕ್ಕೂ ಕಷ್ಟದ ಪ್ರಶ್ನೆ. ಪಥವನ್ನು ಸ್ಟಾಪಿನ ಮುಂದೆ ಬಿಟ್ಟರೆ ಬಸ್ಸು ಪ್ರತಿ ಸಲ ಸೈಕಲ್‌ನವರನ್ನು ಅಡ್ಡಹಾಕಿ ನಿಲ್ಲುತ್ತದೆ. ಹಿಂದೆ ಹಾಯಿಸಿದರೆ ಪ್ರಯಾಣಿಕರು ಬಸ್ಸಿಗೆ ಹೋಗಲು ಪಥ ದಾಟಬೇಕು. ಹಿಂದೆ ಹಾಯಿಸುವ ವಿನ್ಯಾಸ ಹಲವು ದೇಶಗಳಲ್ಲಿದೆ. ಆದರೆ ಕಣ್ಣು ಕಾಣದವರು ಅದಕ್ಕೆ ಆಕ್ಷೇಪ ಎತ್ತಿದ್ದಾರೆ. ಸೈಕಲ್ ಸದ್ದು ಮಾಡುವುದಿಲ್ಲ, ಬರುತ್ತಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ ಅಂತ. ಅವರ ಮಾತು ಸರಿ. ಹಾಗಾಗಿ ದಾಟುವ ಜಾಗ ಎತ್ತರಿಸಿ, ಕಾಲಿಗೆ ತಿಳಿಯುವ ಉಬ್ಬುಕಲ್ಲು ಹಾಕಿ, ಅಲ್ಲಿ ಪಥವನ್ನು ಕಿರಿದು ಮಾಡಿ ಸೈಕಲ್ ನಿಧಾನವಾಗುವ ಹಾಗೆ ಮಾಡಬೇಕು. ಬಸ್ಸಿಗೆ ಕಾಯುವವರು ನಿಲ್ಲುವ ಜಾಗ ಇಕ್ಕಟ್ಟಾಗಿದ್ದರೆ ಈ ವಿನ್ಯಾಸವೇ ಬೇಡ. ನಕ್ಷೆ ಮುಗಿದ ಮೇಲೆ ಅಂಗವಿಕಲರ ಸಹಿ ಕೇಳಬೇಡಿ. ಗೆರೆ ಎಳೆಯುವ ಮೊದಲೇ ಅವರನ್ನು ಆ ಜಾಗಕ್ಕೆ ಕರೆದುಕೊಂಡು ಹೋಗಿ.

ಅಂಗಡಿಗಳ ವ್ಯಾಪಾರ ಬಿದ್ದುಹೋಗುತ್ತದೆ ಅಂತಾರೆ?

ಅಂಗಡಿಯವರ ಹೆದರಿಕೆ ಸುಳ್ಳಲ್ಲ. ದುಡ್ಡು ಹಾಕಿ ಕೂತವರು ಅವರು. ಆದರೆ ತಮ್ಮ ಗಿರಾಕಿಗಳಲ್ಲಿ ಕಾರಿನಲ್ಲಿ ಬರುವವರು ಎಷ್ಟು ಎಂಬುದನ್ನು ಅಂಗಡಿಯವರು ಇರುವುದಕ್ಕಿಂತ ಜಾಸ್ತಿ ಅಂದಾಜು ಮಾಡುತ್ತಾರೆ ಎಂದು ಬೇರೆ ಬೇರೆ ನಗರಗಳ ಸಮೀಕ್ಷೆಗಳಲ್ಲಿ ಕಂಡಿದೆ. ಬಾಗಿಲ ಮುಂದಿನ ಕಾರು ಕಣ್ಣಿಗೆ ಬೀಳುತ್ತದೆ, ನಡೆದು ಬಂದ ಹತ್ತು ಜನ ಬೀಳುವುದಿಲ್ಲ.

ಅವರ ನಿಜವಾದ ಸಮಸ್ಯೆ ಸರಕು ಇಳಿಸುವುದು. ಅದಕ್ಕೆ ಜಾಗ ಗುರುತಿಸದೆ ಪಥ ಕಟ್ಟಿದರೆ ಟೆಂಪೋ ಪಥದ ಮೇಲೇ ನಿಲ್ಲುತ್ತದೆ, ಡ್ರೈವರ್‌ನನ್ನು ಬೈದು ಪ್ರಯೋಜನವಿಲ್ಲ. ಬೆಳಗಿನ ಹೊತ್ತು ನಿಗದಿ ಮಾಡಿ, ಅಡ್ಡರಸ್ತೆಯ ಮೂಲೆಯಲ್ಲಿ ಇಳಿಸುವ ಜಾಗ ಕೊಡಿ. ಆಮೇಲೂ ನಿಂತರೆ ದಂಡ ಹಾಕಿ.

ಆಂಬುಲೆನ್ಸ್ ಬಂದರೆ?

ಅಗಲವಾದ ಪಥವಿದ್ದರೆ ಅದರಲ್ಲೇ ಹೋಗಬಹುದು, ಸೈಕಲ್‌ನವರು ಕ್ಷಣದಲ್ಲಿ ಬದಿಗೆ ಸರಿಯುತ್ತಾರೆ. ಜಾಮಿನಲ್ಲಿ ಸಿಕ್ಕ ಕಾರುಗಳಿಗೆ ಸರಿಯಲು ಜಾಗವೇ ಇರುವುದಿಲ್ಲ. ಬೀದಿ ಮುಚ್ಚುವ ಕಡೆ ತೆಗೆಯಬಹುದಾದ ಕಂಬ ಹಾಕಿ, ಬೀಗದ ಕೈ ಅಗ್ನಿಶಾಮಕದವರ ಹತ್ತಿರ ಇರುವಂತೆ ನೋಡಿಕೊಂಡರೆ ಸಾಕು.

ಅಪಘಾತಗಳು ಹೆಚ್ಚಾಗಿ ಜಂಕ್ಷನ್‌ನಲ್ಲೇ ಅಲ್ವಾ?

ಹೌದು. ಆದರೂ ಬಹಳ ಪಥಗಳು ಸರಿಯಾಗಿ ಜಂಕ್ಷನ್‌ಗೆ 20 ಮೀಟರ್ ಮುಂಚೆ ಮಾಯವಾಗುತ್ತವೆ! ನೀರು ಆಳವಿರುವ ಕಡೆಯೇ ದೋಣಿಯಿಂದ ಇಳಿಸಿದ ಹಾಗೆ.

ಎಲ್ಲಕ್ಕಿಂತ ಭಯಂಕರ, ತಿರುಗುವ ಲಾರಿ. ಎಡಬದಿಯಲ್ಲಿ ಓಡಿಸುವ ದೇಶಗಳಲ್ಲಿ ಲಾರಿ ಎಡಕ್ಕೆ ತಿರುಗುವಾಗ ಅದರ ಎಡಪಕ್ಕದ ಸೈಕಲ್ ಡ್ರೈವರ್‌ಗೆ ಕಾಣುವುದೇ ಇಲ್ಲ. ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಸರಿಯುತ್ತದೆ. ಇಲ್ಲಿ ಎಚ್ಚರಿಕೆಯ ಪಾಠಕ್ಕಿಂತ ಕಾಂಕ್ರೀಟ್ ಕೆಲಸ ಮಾಡುತ್ತದೆ. ಮೂಲೆಯಲ್ಲಿ ಸಣ್ಣ ದ್ವೀಪ ಕಟ್ಟಿ ಸೈಕಲ್‌ನವರನ್ನು ವಾಹನಗಳಿಗಿಂತ ಮುಂದೆ ನಿಲ್ಲಿಸಿದರೆ ಡ್ರೈವರ್ ಕಣ್ಣೆದುರಿಗೇ ಇರುತ್ತಾರೆ. ಸಿಗ್ನಲ್‌ನಲ್ಲಿ ಸೈಕಲ್‌ಗೆ ಕೆಲವು ಸೆಕೆಂಡ್ ಮೊದಲು ಹಸಿರು ಕೊಟ್ಟರೆ ಅರ್ಧ ಗಲಾಟೆ ಮುಗಿಯುತ್ತದೆ.

ಸೈಕಲ್‌ನವರು ನಿಯಮವನ್ನೇ ಪಾಲಿಸಲ್ಲ. ಅವರಿಗೆ ದಂಡ ಬೇಡವಾ?

ಕೆಂಪು ದೀಪ ದಾಟಿ, ನಡೆಯುವವರನ್ನು ಹೆದರಿಸಿದರೆ ದಂಡ ಬೇಕು, ಎರಡು ಮಾತಿಲ್ಲ. ರಾತ್ರಿ ದೀಪವಿಲ್ಲದೆ ಓಡಿಸುವುದಕ್ಕೂ. ಆದರೆ ಎಲ್ಲರೂ ಒಂದೇ ಜಾಗದಲ್ಲಿ ಒಂದೇ ನಿಯಮ ಮುರಿಯುತ್ತಿದ್ದರೆ ನಿಯಮವನ್ನೂ ಒಮ್ಮೆ ನೋಡಬೇಕು. ಒನ್‌ವೇಯಲ್ಲಿ ಎದುರು ಬರುವುದನ್ನೇ ತೆಗೆದುಕೊಳ್ಳಿ. ಎದುರಿನಿಂದ ಬರದಿದ್ದರೆ ಅರ್ಧ ಕಿಲೋಮೀಟರ್ ಸುತ್ತಬೇಕು, ತುಳಿಯುವ ಕಾಲಿಗೆ ಅದು ಸಣ್ಣ ದೂರವಲ್ಲ. ಫ್ರಾನ್ಸ್ 2008ರಲ್ಲಿ 30 ಕಿ.ಮೀ. ಮಿತಿಯ ಬೀದಿಗಳಲ್ಲಿ ಸೈಕಲ್‌ಗೆ ಎರಡೂ ದಿಕ್ಕಿಗೆ ಅವಕಾಶ ಕೊಡುವುದನ್ನೇ ಸಾಮಾನ್ಯ ನಿಯಮ ಮಾಡಿತು. ಅಮೆರಿಕದ ಐಡಹೊ ರಾಜ್ಯದಲ್ಲಿ 1982ರಿಂದ, ‘ನಿಲ್ಲಿ’ ಎಂಬ ಫಲಕದ ಬಳಿ ಬೇರೆ ಯಾರೂ ಬರದಿದ್ದರೆ ಸೈಕಲ್ ಪೂರ್ತಿ ನಿಲ್ಲದೆ ಮುಂದೆ ಹೋಗಬಹುದು.

ರಸ್ತೆ ತೆರಿಗೆ ಕಟ್ಟದವರಿಗೆ ರಸ್ತೆ ಯಾಕೆ?

ಊರಿನ ರಸ್ತೆಗಳ ಖರ್ಚು ವಾಹನ ತೆರಿಗೆಯೊಂದರಿಂದಲೇ ಬರುವುದು ಅಪರೂಪ. ಆಸ್ತಿ ತೆರಿಗೆ ಮತ್ತು ಬೇರೆ ತೆರಿಗೆಗಳೂ ಸೇರುತ್ತವೆ. ಅದನ್ನು ನಡೆಯುವವರೂ ಕಟ್ಟುತ್ತಾರೆ. ಇನ್ನು ಸವೆತ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಆಕ್ಸಲ್ (ಚಕ್ರಗಳ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಹಾನಿ ಸುಮಾರು 16 ಪಟ್ಟು ಎಂಬ ಲೆಕ್ಕ ಅದರಿಂದ ಬಂತು. ಆ ಲೆಕ್ಕದಲ್ಲಿ ಸೈಕಲ್‌ಗೆ ತೆರಿಗೆ ಹಾಕಿದರೆ ರಸೀದಿ ಕಾಗದದ ಖರ್ಚೂ ಹುಟ್ಟುವುದಿಲ್ಲ.

ಹೆಲ್ಮೆಟ್ ಕಡ್ಡಾಯ ಮಾಡಬೇಕಾ?

ಬಿದ್ದಾಗ ಹೆಲ್ಮೆಟ್ ತಲೆ ಉಳಿಸುತ್ತದೆ, ನಾನು ಹಾಕುತ್ತೇನೆ. ಕಡ್ಡಾಯ ಮಾಡುವುದು ಬೇರೆ ವಿಷಯ. ಆಸ್ಟ್ರೇಲಿಯಾದ ವಿಕ್ಟೋರಿಯಾ 1990ರಲ್ಲಿ ಕಡ್ಡಾಯ ಮಾಡಿತು. ಅದರಿಂದ ಸೈಕಲ್ ಓಡಿಸುವವರೇ ಕಡಿಮೆಯಾದರೇ ಎಂಬ ವಾದ ಇವತ್ತಿಗೂ ನಿಂತಿಲ್ಲ. ಹೆಲ್ಮೆಟ್ ಹಾಕುವವರು ತೀರಾ ಕಡಿಮೆ ಇರುವ ನೆದರ್‌ಲ್ಯಾಂಡ್ಸ್ ಸೈಕಲ್‌ಗೆ ಬಹಳ ಸುರಕ್ಷಿತ ದೇಶಗಳಲ್ಲಿ ಒಂದು. ಅಲ್ಲಿ ರಸ್ತೆಯೇ ಜನರನ್ನು ಕಾಯುತ್ತದೆ.

ಮಳೆ, ಬಿಸಿಲು, ದಿಣ್ಣೆ ಇರುವ ಕಡೆ?

ಫಿನ್‌ಲ್ಯಾಂಡಿನ ಔಲು ನಗರದಲ್ಲಿ ಹಿಮದ ಮೇಲೂ ಸೈಕಲ್ ಓಡುತ್ತದೆ, ಪಥದ ಹಿಮ ತೆಗೆಯುತ್ತಾರೆ ಅಂತ. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ 1993ರಿಂದ ದಿಣ್ಣೆ ಹತ್ತಿಸಲು ಸೈಕಲ್ ಲಿಫ್ಟೇ ಇದೆ! ಅಷ್ಟೆಲ್ಲ ಬೇಡ, ಬಿಸಿಲಿನ ಊರಿಗೆ ಮರದ ನೆರಳು ಸಾಕು. ದಿಣ್ಣೆಗೆ ವಿದ್ಯುತ್ ಸೈಕಲ್ ಬಂದಿದೆ. ಯುರೋಪಿನಲ್ಲಿ 25 ಕಿ.ಮೀ. ವೇಗಕ್ಕೆ ಮೋಟರಿನ ನೆರವು ನಿಂತುಹೋದರೆ ಮಾತ್ರ ಅದನ್ನು ಸೈಕಲ್ ಅಂತ ಲೆಕ್ಕ ಮಾಡುತ್ತಾರೆ. ಅಂಥ ಮಿತಿ ಎಲ್ಲ ಕಡೆಯೂ ಬೇಕು, ಇಲ್ಲದಿದ್ದರೆ ಪಥದಲ್ಲಿ ಸ್ಕೂಟರ್‌ಗಳ ಓಟ ಶುರುವಾಗುತ್ತದೆ.

ದುಡ್ಡಿಲ್ಲದ ಆಡಳಿತ ಮೊದಲು ಏನು ಮಾಡಬಹುದು?

ಚರಂಡಿ ಮೇಲಿನ ಕಬ್ಬಿಣದ ಜಾಲರಿ ತಿರುಗಿಸಿ ಹಾಕಿ. ತಮಾಷೆ ಅಲ್ಲ. ಸರಳುಗಳು ರಸ್ತೆಯುದ್ದಕ್ಕೆ ಇದ್ದರೆ ಚಕ್ರ ಸಿಕ್ಕಿಕೊಂಡು ಮುಗ್ಗರಿಸುತ್ತದೆ, ಅಡ್ಡಕ್ಕೆ ಇದ್ದರೆ ಏನೂ ಆಗುವುದಿಲ್ಲ. ರಸ್ತೆ ಅಂಚಿನ ಗುಂಡಿ ಮುಚ್ಚಿ, ಮಣ್ಣು ಗುಡಿಸಿ, ಬೀದಿದೀಪ ಸರಿ ಮಾಡಿ. ರಸ್ತೆಗೆ ಹೇಗೂ ಡಾಂಬರು ಹಾಕುವಾಗ ಗೆರೆಗಳನ್ನು ಹೊಸದಾಗಿ ಎಳೆಯಲೇಬೇಕಲ್ವಾ, ಆಗಲೇ ಪಥಕ್ಕೆ ಜಾಗ ಬಿಡಿ. ನಿಲ್ದಾಣ, ಶಾಲೆ, ಆಸ್ಪತ್ರೆ ಬಳಿ ಬೀಗ ಹಾಕಲು ಗಟ್ಟಿ ಕಂಬಿ ನೆಡಿ. ಒಂದು ಕಾರಿನ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ನಗರದವರು ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ಜಾಗ ಮಾಡಿದ್ದಾರೆ. ನೀವು ಇಪ್ಪತ್ತೈದರಿಂದ ಶುರು ಮಾಡಿ.

ಭಾನುವಾರ ಬೆಳಿಗ್ಗೆ ಒಂದು ರಸ್ತೆ ವಾಹನಗಳಿಗೆ ಮುಚ್ಚಿ ನೋಡುವುದೂ ಅಗ್ಗದ ದಾರಿ. ಕೊಲಂಬಿಯಾದ ಬೊಗೊಟಾ 1974ರಲ್ಲಿ ಇದನ್ನು ಶುರು ಮಾಡಿತು. ಈಗ ಪ್ರತಿ ಭಾನುವಾರ ನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆ ಜನರಿಗೆ ಬಿಟ್ಟುಕೊಡುತ್ತದೆ.

ಜನರ ಒಪ್ಪಿಗೆ ಇಲ್ಲದೆ ಹೇಗೆ ಮಾಡುತ್ತೀರಿ?

ಕಾಗದದ ಮೇಲೆ ಕೇಳಿದರೆ ಬಹಳ ಜನ ಬೇಡ ಅಂತಾರೆ, ಏಕೆಂದರೆ ಹೋಗುವುದು ಕಾಣುತ್ತದೆ, ಬರುವುದು ಕಾಣುವುದಿಲ್ಲ. ಹಾಗಾಗಿ ಆರು ತಿಂಗಳು ಪ್ರಯೋಗ ಮಾಡಿ. ತೆಗೆಯಬಹುದಾದ ಕಂಬ, ತೊಟ್ಟಿ ಬಳಸಿ. ಮುಂಚೆ ಮತ್ತು ಆಮೇಲೆ ಎಣಿಸಿ. ಸ್ವೀಡನ್ನಿನ ಸ್ಟಾಕ್‌ಹೋಮ್ 2006ರಲ್ಲಿ ದಟ್ಟಣೆ ಶುಲ್ಕವನ್ನು (ಊರಿನ ನಡುಭಾಗಕ್ಕೆ ಬಂದು ಹೋಗುವ ವಾಹನಗಳಿಗೆ ಹಾಕುವ ಶುಲ್ಕ) ಏಳು ತಿಂಗಳು ಪ್ರಯೋಗ ಮಾಡಿತು. ಮೊದಲು ವಿರೋಧ ಜೋರಾಗಿತ್ತು. ಪ್ರಯೋಗ ಮುಗಿದ ಮೇಲೆ ಜನಮತ ಕೇಳಿದರೆ ನಗರದ ಬಹುಮತ ಬೇಕು ಅಂತ ಬಂತು. ಪ್ರಯೋಗ ಸೋತರೆ ಕಿತ್ತುಹಾಕುವ ಪ್ರಾಮಾಣಿಕತೆ ಇರಬೇಕು, ಯಾವ ಅಂಕಿ ಬಂದರೆ ಸೋಲು ಅಂತ ಮೊದಲೇ ಬರೆದಿಡಬೇಕು.

ನೀತಿ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುವುದು ಹೇಗೆ?

ಕಟ್ಟಿದ ಕಿಲೋಮೀಟರ್ ಎಣಿಸಬೇಡಿ, ಅದು ಕಂಟ್ರಾಕ್ಟರ್ ಲೆಕ್ಕ. ಯಾರು ಓಡಿಸುತ್ತಿದ್ದಾರೆ ನೋಡಿ. ಬರೀ ಗಟ್ಟಿಮುಟ್ಟಾದ ಗಂಡಸರೇ ಇದ್ದರೆ ರಸ್ತೆ ಇನ್ನೂ ಹೆದರಿಸುತ್ತಿದೆ ಅಂತ ಅರ್ಥ. ಹೆಂಗಸರು, ಶಾಲೆ ಮಕ್ಕಳು, ತಲೆ ನರೆತವರು ಕಾಣಿಸಿಕೊಂಡರೆ ಏನೋ ಸರಿಯಾಗಿದೆ. ಜೊತೆಗೆ ಬಸ್ಸಿನ ಸಮಯ, ನಡೆಯುವವರ ದೂರು, ಗಾಯಗೊಂಡವರ ಲೆಕ್ಕ, ಇವೂ ಬೇಕು.

ನಾನು ಮುಂದಿನ ಸಭೆಗೆ ಹೋಗುತ್ತಿದ್ದೇನೆ. ಒಂದೇ ಪ್ರಶ್ನೆ ಕೇಳುವ ಅವಕಾಶ ಸಿಕ್ಕರೆ ಏನು ಕೇಳಲಿ?

ಪಥ ಎಲ್ಲಿ ಮುಗಿಯುತ್ತದೆ ಅಂತ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಹೇಳಿ. ಆಮೇಲೆ, ಅಲ್ಲಿಗೆ ಬಂದ ಹತ್ತು ವರ್ಷದ ಮಗು ಮುಂದೆ ಎತ್ತ ಹೋಗಬೇಕು ಅಂತ ಕೇಳಿ.